ಅತ್ತೆಯ ಸೊಂಟದ ಗಡಿಯಾರ

ಅತ್ತೆಯ ಸೊಂಟದಲ್ಲಿ, ಸೀರೆಯ ಮಡಿಕೆಗೆ ಸಿಕ್ಕಿಸಿದಂತೆ, ಸದಾ ಒಂದು ಚಿನ್ನದ ಗಡಿಯಾರ ಇರುತ್ತಿತ್ತು. ಹಳೇ ಕಾಲದ ಜೇಬುಗಡಿಯಾರ. ಮುಚ್ಚಳದ ತುಂಬ ಬಳ್ಳಿ, ನಡುವೆ ನವಿಲು. ಬೆರಳು ತಾಗಿ ತಾಗಿ ನವಿಲಿನ ಕತ್ತು ಸವೆದಿತ್ತು. ಪಕ್ಕದ ಗುಂಡಿ ಒತ್ತಿದರೆ ಎಷ್ಟು ಗಂಟೆಯೋ ಅಷ್ಟು ಸಲ ಒಳಗಿಂದ ಸಣ್ಣಗೆ ನುಡಿಯುತ್ತಿತ್ತು. ಅವರ ತಂದೆಯದಂತೆ.

"ನಿಮ್ಮತ್ತೆ ಸೊಂಟದಲ್ಲೇ ದೇವಸ್ಥಾನ ಇಟ್ಕೊಂಡಿದಾರೆ ಕಣ್ರೀ, ಘಂಟೆ ನಿಲ್ಲೋದೇ ಇಲ್ಲ," ಎಂದು ಚಾಮರಾಜಪೇಟೆಯ ನಮ್ಮ ಬೀದಿಯ ಹೆಂಗಸರು ನಗುತ್ತಿದ್ದರು. ಒಡವೆಯ ಜಂಬ ಎಂದೇ ನಾನೂ ತಿಳಿದಿದ್ದೆ.

ದೇವರ ಅಡುಗೆ ಅತ್ತೆಯದೇ. ಮಡಿಯುಟ್ಟು ಒಲೆ ಮುಂದೆ ನಿಂತರೆ, "ಸ್ವಾಮಿ ಕಾಯ್ತಿದಾನೆ, ನಿಮ್ಮ ಕಾಫಿ ಆಮೇಲೆ," ಎನ್ನುವರು. ಧನುರ್ಮಾಸದಲ್ಲಂತೂ ಸೂರ್ಯ ಹುಟ್ಟುವ ಮೊದಲೇ ಹುಗ್ಗಿಯ ನೈವೇದ್ಯ ಆಗಲೇಬೇಕು.

ಒಂದು ವರ್ಷ ಅದೇ ತಿಂಗಳಲ್ಲಿ ಗಡಿಯಾರ ನಿಂತುಹೋಯಿತು. ಯಜಮಾನರು ರಿಪೇರಿಗೆ ಕೊಟ್ಟು ಬಂದರು. ಮಾರನೆಯ ಬೆಳಿಗ್ಗೆ ನಾನು ಎದ್ದು ಬಂದಾಗ ಅಡುಗೆಮನೆಯ ಕಿಟಕಿಯಿಂದ ಬಿಸಿಲು ಬಿದ್ದಿತ್ತು. ಆ ಬಿಸಿಲಲ್ಲೇ ನಿಂತು ಹುಗ್ಗಿಗೆ ತುಪ್ಪ ಹಾಕುತ್ತ ಅತ್ತೆ, "ದೀಪ ಹಚ್ಚಮ್ಮ ಬೇಗ, ಬೆಳಕು ಹರಿಯೋದ್ರೊಳಗೆ ನೈವೇದ್ಯ ಆಗ್ಲಿ," ಎಂದರು.

ನಾನು ಕಿಟಕಿ ನೋಡಿದೆ, ಅತ್ತೆಯ ಮುಖ ನೋಡಿದೆ. ಅತ್ತೆ ಕಿಟಕಿಯ ಕಟ್ಟೆಗೆ ಕೈ ಊರಿದರು. ಕಲ್ಲು ಬೆಚ್ಚಗಾಗಿತ್ತು. ಕೈ ಅಲ್ಲೇ ನಿಂತಿತು.

"ಬಿಸಿಲು ಬಂದ್ಬಿಟ್ಟಿದೆ ಅಲ್ವೇನೇ?"

"ಹೌದತ್ತೆ."

ಒಲೆ ಆರಿಸಿದರು. "ಮಬ್ಬಾಗ್ತಾ ಆಗ್ತಾ ಈಗ ಪೂರ್ತಿ ಕತ್ತಲು ಕಣೆ. ನರ ಹೋಗಿದೆ, ಏನೂ ಮಾಡೋಕಾಗಲ್ಲ ಅಂತ ಕಣ್ಣಿನ ಡಾಕ್ಟರು ಯಾವತ್ತೋ ಹೇಳ್ಬಿಟ್ರು. ನಿನ್ನ ಗಂಡನಿಗೆ ಹೇಳ್ಬೇಡ. ಹೇಳಿದ್ರೆ ನನ್ನ ಒಲೆ ಹತ್ರ ಬಿಡಲ್ಲ. ಸ್ವಾಮಿಗೆ ಇಷ್ಟು ಬೇಯಿಸಿ ಹಾಕೋದು ಬಿಟ್ರೆ ನನಗಿನ್ನೇನಿದೆ?"

ಹೊತ್ತು ಮೀರಿದ ಆ ಹುಗ್ಗಿಯನ್ನೇ, ಕ್ಷಮಿಸಪ್ಪ ಎಂದು ಇಬ್ಬರೂ ಕೈಮುಗಿದು ಅರ್ಪಿಸಿದೆವು.

ಗಡಿಯಾರ ಮರಳಿ ಬಂತು. ಮುಳ್ಳು ಓಡುತ್ತಿತ್ತು, ದನಿ ಮಾತ್ರ ಹೋಗಿತ್ತು. ಅಂದಿನಿಂದ ಅತ್ತೆಗೆ ಹೊತ್ತು ಹೇಳುವವಳು ನಾನೇ. ಜಪದ ನೆಪದಲ್ಲಿ ಅಡುಗೆಮನೆಯ ಬಾಗಿಲಲ್ಲಿ ಕೂರುತ್ತಿದ್ದೆ. ಎಣ್ಣೆ ಚಟಪಟ ಅಂದರೆ ನಾಮ ತಪ್ಪಿಹೋಗುತ್ತಿತ್ತು. ಸೆರಗು ಒಲೆಯ ಕಡೆ ಜಾರಿದರೆ ಓಡಿ ಹಿಡಿಯುತ್ತಿದ್ದೆ. "ಬಂದ್ಲಪ್ಪ ನಮ್ಮ ಇನ್‌ಸ್ಪೆಕ್ಟ್ರು," ಎಂದು ರೇಗಿಸುವರು.

ಅತ್ತೆ ಹೋದ ಮೇಲೆ, ವೈಕುಂಠ ಸಮಾರಾಧನೆ ಮುಗಿದ ದಿನ, ಯಜಮಾನರಿಗೆ ಎಲ್ಲ ಹೇಳಿದೆ. "ಬೆಂಕಿ ಹತ್ಕೊಂಡಿದ್ರೆ ಏನ್ಮಾಡ್ತಿದ್ದೆ?" ಎಂದರು. ಅವರು ಕೇಳಿದ್ದು ನ್ಯಾಯವೇ. ಹತ್ತಿಕೊಳ್ಳಲಿಲ್ಲ, ಭಗವಂತನ ದಯೆ. ಬದುಕಿನ ಕೊನೆಯ ಧನುರ್ಮಾಸದವರೆಗೂ ಅತ್ತೆಯ ಕೈಯ ಹುಗ್ಗಿಯೇ ಅವನಿಗೆ ಸಂದಿತು.