ಚಾಪೆಯ ಕೆಳಗಿನ ಮೂರು ದಿನ

ಬೆಳಗಿನ ಐದೂಕಾಲು. ಸವಾಯಿ ದ್ವೀಪದ ದೋಣಿಕಟ್ಟೆಯಲ್ಲಿ ಮೊದಲ ಹಡಗು ಇನ್ನೂ ಕೂಗಿಲ್ಲ, ಕೋಳಿಗಳು ಮಾತ್ರ ಎದ್ದಿವೆ. ರೇಡಿಯೊ ಕೇಂದ್ರದ ಹಿಂಬದಿಯ ಕೋಣೆಯಲ್ಲಿ ಮೊಯೆಲಾಂಗಿ ತುಯಿತಾಮಾ ಚಪ್ಪಲಿ ಬಾಗಿಲಲ್ಲೇ ಬಿಟ್ಟು, ಫ್ಲಾಸ್ಕಿನಿಂದ ಕೋಕೋ ಸುರಿದುಕೊಂಡು, ಕಪ್ಪು ಪರದೆಯ ಮೇಲೆ ಎರಡೇ ಅಕ್ಷರಗಳ ಆಜ್ಞೆ ಒತ್ತುತ್ತಾರೆ. ಡಿಸ್ಕಿನ ಒಂದೊಂದು ಹೋಳಿಗೆ ಒಂದೊಂದು ಸಾಲು ಮೂಡುತ್ತದೆ. ಯಾವುದು ಶೇಕಡಾ ಎಷ್ಟು ತುಂಬಿದೆ ಎಂಬುದನ್ನು ಅವರು ಪೆನ್ಸಿಲಿನಲ್ಲಿ ಉದ್ದನೆಯ ಪುಸ್ತಕಕ್ಕೆ ಇಳಿಸುತ್ತಾರೆ.

ಕಂಪ್ಯೂಟರೇ ಬರೆದಿಟ್ಟುಕೊಳ್ಳುತ್ತದಲ್ಲ ಎಂದರೆ ನಗುತ್ತಾರೆ. "ಅದು ಬರ್ಕೊಳ್ಳುತ್ತೆ. ಆದ್ರೆ ಅದಕ್ಕೆ ಅನುಮಾನ ಬರೋಲ್ಲ."

ಮೊಯೆಲಾಂಗಿಗೆ ಐವತ್ತಾರು ವರ್ಷ. ಅದರಲ್ಲಿ ಇಪ್ಪತ್ತೇಳು ಈ ಕೋಣೆಯಲ್ಲೇ ಕಳೆದಿವೆ. ಕೇಂದ್ರದ ಪ್ರಸಾರ, ಹಿರಿಯರ ಮಾತಿನ ಧ್ವನಿಮುದ್ರಣ, ಸುತ್ತಲಿನ ಮೂರು ಶಾಲೆಗಳ ಕಡತ, ಎಲ್ಲವೂ ಇಲ್ಲಿನ ಒಂದೇ ಯುನಿಕ್ಸ್ ಯಂತ್ರದಲ್ಲಿವೆ. ಯುನಿಕ್ಸ್‌ನಲ್ಲಿ ಕಡತಗಳನ್ನಿಡುವ ಡೈರೆಕ್ಟರಿಗಳೆಲ್ಲ ಒಂದೇ ಮರದ ಕೊಂಬೆಗಳು. ಎದುರು ಕೂತವರಿಗೆ ಕಾಣುವುದು ಒಂದೇ ಮರ. ಯಾವ ಕೊಂಬೆ ಡಿಸ್ಕಿನ ಯಾವ ಹೋಳಿನ ಮೇಲೆ ನಿಲ್ಲಬೇಕೆಂದು ನಿರ್ಧರಿಸುವುದು ಮೊಯೆಲಾಂಗಿಯ ಕೆಲಸ. ಯಂತ್ರ ಏಳಲು ಬೇಕಾದ ಬೇರಿನ ಭಾಗಕ್ಕೆ ಒಂದು ಚಿಕ್ಕ ಹೋಳು. ತಂತ್ರಾಂಶಕ್ಕೆ, ಯಂತ್ರದ ದಿನಚರಿಯಾಗಿ ದಿನವಿಡೀ ಬೆಳೆಯುವ ಲಾಗ್‌ಗಳಿಗೆ, ತಾತ್ಕಾಲಿಕ ಕಡತಗಳಿಗೆ, ಬಳಸುವವರ ಸ್ವಂತದ್ದಕ್ಕೆ ಬೇರೆ ಬೇರೆ. ಧ್ವನಿಮುದ್ರಣಕ್ಕೆ ಎಲ್ಲಕ್ಕಿಂತ ದೊಡ್ಡದು.

"ನಮ್ಮಲ್ಲಿ ಒಲೆಮನೆ ಮಲಗೋ ಮನೆಗೆ ಅಂಟ್ಕೊಂಡಿರುತ್ತಾ? ಹಿತ್ತಲಲ್ಲಿ ಬೇರೇನೇ ಇರುತ್ತೆ," ಎನ್ನುತ್ತಾರೆ. "ಒಲೆಮನೆಗೆ ಬೆಂಕಿ ಬಿದ್ರೆ ಊಟ ಹೋಗುತ್ತೆ, ಮಕ್ಕಳು ಹೋಗೋಲ್ಲ."

ಇದು ಪುಸ್ತಕದಿಂದ ಬಂದ ತಿಳಿವಲ್ಲ. ಅವರು ಕೆಲಸಕ್ಕೆ ಸೇರಿದ ಎರಡನೇ ವರ್ಷ ಡಿಸ್ಕ್ ಇಡಿಯಾಗಿ ಒಂದೇ ಇತ್ತು. ಒಂದು ದಿನ ಎಲ್ಲೋ ಒಂದು ತಂತಿ ಸಡಿಲವಾಗಿ, ಯಂತ್ರ ಒಂದೇ ದೂರನ್ನು ಲಕ್ಷಾಂತರ ಸಲ ಲಾಗ್‌ಗೆ ಬರೆಯಿತು. ಮಧ್ಯಾಹ್ನದ ಹೊತ್ತಿಗೆ ಡಿಸ್ಕ್ ತುಂಬಿ ಪ್ರಸಾರ ನಿಂತಿತು. ಆ ಸಂಜೆಯ ಸಾವಿನ ಸುದ್ದಿಗಳನ್ನು ಓದಲಾಗಲಿಲ್ಲ. ಉತ್ತರ ತೀರದ ಹೆಂಗಸೊಬ್ಬಳಿಗೆ ಅಣ್ಣ ತೀರಿಕೊಂಡದ್ದು ತಿಳಿದದ್ದು ಮಣ್ಣಾದ ಮೇಲೆ. ಮೊಯೆಲಾಂಗಿ ಬಸ್ಸು ಹತ್ತಿ ಅವಳ ಮನೆಗೆ ಹೋಗಿ ಕೂತರು. "ಬೈದಿದ್ರೆ ಚೆನ್ನಾಗಿತ್ತು. ಚಹಾ ಕೊಟ್ಲು."

ಅಂದಿನಿಂದ ಡಿಸ್ಕನ್ನು ಹೋಳು ಮಾಡತೊಡಗಿದರು. ಮೊದಲ ಸಲ ಲಾಗ್‌ಗೆ ಚಿಕ್ಕದಾಯಿತು, ಎರಡನೇ ಸಲ ತಂತ್ರಾಂಶಕ್ಕೆ ಸಾಲಲಿಲ್ಲ. ಪ್ರತಿ ಸಲವೂ ಎಲ್ಲವನ್ನೂ ಹೊರಗೆ ನಕಲು ಮಾಡಿ, ಅಳಿಸಿ, ಮತ್ತೆ ತುಂಬಬೇಕು. ಬಟ್ಟೆ ಕತ್ತರಿಸಿದ ಮೇಲೆ ಅಳತೆ ತೆಗೆದಂತಾಯಿತೆಂದು ಅರಿತು ಮೂರನೇ ಸಲ ಏಳು ತಿಂಗಳು ಬರೀ ಅಳೆದರು. ಬೆಳಗಿನ ಪುಸ್ತಕ ಹುಟ್ಟಿದ್ದು ಹಾಗೆ.

ಎರಡು ವರ್ಷದ ಹಿಂದೆ ರಾಜಧಾನಿ ಆಪಿಯಾದಿಂದ ಬಂದ ವ್ಯವಸ್ಥಾಪಕ ಇಯೋಸೆಫೊಗೆ ಇದೆಲ್ಲ ಹಳೇ ಕಾಲದವರ ಮಡಿಯಂತೆ ಕಂಡಿತು. ಈಗಿನ ಡಿಸ್ಕ್‌ಗಳೇ ಅಷ್ಟು ದೊಡ್ಡವು, ಕತ್ತರಿಸುವುದೇಕೆ ಎಂಬುದು ಅವನ ವಾದ. ಮೊಯೆಲಾಂಗಿಯನ್ನು ಚಿಕ್ಕಮ್ಮ ಎಂದೇ ಕರೆಯುತ್ತಿದ್ದ ಅವನು, ಚಿಕ್ಕಮ್ಮ ಒಂದು ಬ್ರೆಡ್ಡನ್ನೂ ಆರು ಡಬ್ಬಿಯಲ್ಲಿಟ್ಟು ಬೀಗ ಹಾಕುವವರು ಎಂದು ಎಲ್ಲರೆದುರು ತಮಾಷೆ ಮಾಡುತ್ತಿದ್ದ. ಹೊಸ ಯಂತ್ರ ತರಿಸಿದಾಗ, ಅದರಲ್ಲಿ ಎಲ್ಲ ಒಂದೇ ಇರಲಿ ಎಂದು ಹೇಳಿಯೂಬಿಟ್ಟ.

ಅಷ್ಟರಲ್ಲಿ ಕಳೆದ ಮಾರ್ಚ್ ಬಂತು. ಮೊಯೆಲಾಂಗಿ ತಂಗಿಯ ಮಗಳ ಮದುವೆಗೆ ಆಪಿಯಾಕ್ಕೆ ಹೋಗಿದ್ದಾಗ ಕರೆಂಟು ಹೋಗಿ ಬಂತು. ಹಳೆಯ ಯಂತ್ರ ತಾನಾಗಿ ಎದ್ದಿತು, ಪ್ರಸಾರವೂ ನಡೆಯಿತು. ಆ ಮೂರು ದಿನ ಎಂಬತ್ತೊಂದು ವರ್ಷದ ಮುದುಕ ಪೆನಿಯಾಮಿನಾ ಧ್ವನಿಮುದ್ರಣಕ್ಕೆ ಬಂದು ಕೂತು, ಒಂದೂ ಮೊಳೆಯಿಲ್ಲದೆ ತೆಂಗಿನ ನಾರಿನ ಹುರಿಯಲ್ಲೇ ದೋಣಿ ಕಟ್ಟುವ ವಿದ್ಯೆಯನ್ನು ಹೇಳಿದರು, ದಿನಕ್ಕೆ ನಾಲ್ಕು ಗಂಟೆಯಂತೆ. ನಾಲ್ಕನೇ ದಿನ ಮೊಯೆಲಾಂಗಿ ಮರಳಿದಾಗ ಧ್ವನಿಮುದ್ರಣದ ಹೋಳು ಮರಕ್ಕೆ ಜೋಡಣೆಯಾಗದೆ ಉಳಿದಿತ್ತು. ಪರೀಕ್ಷಿಸಿ ಜೋಡಿಸಿದರು. ಹಳೆಯ ಮುದ್ರಣಗಳೆಲ್ಲ ಬಂದವು, ಆ ಮೂರು ದಿನದವು ಮಾತ್ರ ಇರಲಿಲ್ಲ.

ಇಯೋಸೆಫೊ ಕಂಗಾಲಾಗಿ ಮುದುಕನ ಮನೆಗೆ ಹೋಗಿ, ಇನ್ನೊಮ್ಮೆ ಹೇಳಬೇಕೆಂದು ಬೇಡಿದ. ಪೆನಿಯಾಮಿನಾ ಕೆತ್ತುತ್ತಿದ್ದ ದೋಣಿಯ ಹುಟ್ಟಿನಿಂದ ತಲೆಯೆತ್ತಲಿಲ್ಲ. "ಬಡಿಸಿದ ಊಟಾನ ಮತ್ತೆ ಬಡಿಸು ಅಂತೀಯಲ್ಲೋ. ನಿಮ್ಮ ಪೆಟ್ಟಿಗೆ ತಿಂದ್ಕೊಂಡಿದ್ರೆ ಅದನ್ನೇ ಕೇಳು ಹೋಗು."

ಇಯೋಸೆಫೊ ಸಿಟ್ಟಿನಲ್ಲಿ ಮರಳಿದ. ಹೋಳು ಮಾಡದಿದ್ದರೆ ಹೀಗಾಗುತ್ತಿತ್ತೇ ಎಂದು ಕೇಳಿದ. ಶುಕ್ರವಾರ ಎಲ್ಲವನ್ನೂ ಹೊಸ ಯಂತ್ರಕ್ಕೆ ನಕಲು ಮಾಡಿ ಹಳೆಯ ಡಿಸ್ಕ್ ಅಳಿಸುವುದೆಂದು ತೀರ್ಮಾನವಾಯಿತು. ಮೊಯೆಲಾಂಗಿ ಒಂದು ಬೆಳಗು ಕೊಡು ಎಂದಷ್ಟೇ ಕೇಳಿದರು.

ಮರುದಿನ ಗುರುವಾರ ಐದೂಕಾಲಕ್ಕೆ, ಮದುವೆಯಿಂದ ಬಂದ ಮೇಲೆ ಮೊದಲ ಸಲ ಪುಸ್ತಕ ತೆರೆದು ಪೆನ್ಸಿಲ್ ಹಿಡಿದವರು ಅಲ್ಲೇ ನಿಂತರು. ಎಂಟು ಜಿಬಿಯ ಬೇರಿನ ಹೋಳು ವರ್ಷಗಟ್ಟಲೆ ಶೇಕಡಾ ಮೂವತ್ತೊಂದರಲ್ಲೇ ಇದ್ದದ್ದು ಎಪ್ಪತ್ತೊಂಬತ್ತು ತೋರಿಸುತ್ತಿತ್ತು. ಹೆಚ್ಚಿದ್ದು ನಾಲ್ಕು ಜಿಬಿಯ ಹತ್ತಿರ. ಹನ್ನೆರಡು ಗಂಟೆಯ ಮಾತಿಗೆ ಬೇಕಾಗುವುದೂ ಹೆಚ್ಚುಕಡಿಮೆ ಅಷ್ಟೇ.

"ಚಾಪೆ ಮೇಲೆ ಚಾಪೆ ಹಾಸಿದ್ರೆ ಕೆಳಗಿನದರ ಮೇಲೆ ಇದ್ದದ್ದು ಕಾಣುತ್ತಾ?" ಎಂದು ಈಗ ವಿವರಿಸುತ್ತಾರೆ. ಹೋಳನ್ನು ಜೋಡಿಸುವ ಜಾಗವೂ ಬೇರಿನ ಭಾಗದಲ್ಲಿರುವ ಒಂದು ಖಾಲಿ ಡೈರೆಕ್ಟರಿಯೇ. ಹೋಳು ಇಲ್ಲದಾಗ ಧ್ವನಿಮುದ್ರಣದ ತಂತ್ರಾಂಶ ಆ ಖಾಲಿ ಜಾಗಕ್ಕೇ ಬರೆದಿತ್ತು. ಮೊಯೆಲಾಂಗಿ ಹೋಳನ್ನು ಜೋಡಿಸಿದ ಕೂಡಲೇ ಅವೆಲ್ಲ ಅದರ ಕೆಳಗಾಗಿದ್ದವು.

ಪ್ರಸಾರ ಶುರುವಾಗಲು ಇಪ್ಪತ್ತು ನಿಮಿಷವಿತ್ತು. ಇಯೋಸೆಫೊನನ್ನು ಕರೆಸಿ ಪಕ್ಕದಲ್ಲಿ ಕೂರಿಸಿಕೊಂಡು ಹೋಳನ್ನು ಬಿಡಿಸಿದರು. ಹದಿನಾಲ್ಕು ಕಡತಗಳು ಸಾಲಾಗಿ ಕಂಡವು. ಮೊದಲನೆಯದನ್ನು ಒತ್ತಿದರೆ ಒಂದು ಕೆಮ್ಮು, ಆಮೇಲೆ ಮುದುಕನ ದನಿ, ಹುರಿಯನ್ನು ಮೊದಲು ಉಪ್ಪುನೀರಲ್ಲಿ ನೆನೆಸಬೇಕು ಅಂತ.

ಇಯೋಸೆಫೊ ಪೂರ್ತಿ ಒಂದು ನಿಮಿಷ ಕೇಳಿಸಿಕೊಂಡ.

"ತಪ್ಪು ಕತ್ತರಿಸಿದ್ದಲ್ಲ ಕಣೋ," ಎಂದರು ಮೊಯೆಲಾಂಗಿ. "ಖಾಲಿ ಜಾಗಕ್ಕೆ ಯಾರೂ ಬರೀದ ಹಾಗೆ ಬೀಗ ಹಾಕಬೇಕಿತ್ತು. ನಾನು ಹಾಕಿರಲಿಲ್ಲ. ಅದು ನಂದೇ ತಪ್ಪು."

"ಹೊಸದನ್ನೂ ನೀವೇ ಕತ್ತರಿಸಿ ಚಿಕ್ಕಮ್ಮ," ಎಂದ ಅವನು. "ಆದ್ರೆ ಆರು ಬೇಡ, ಐದು. ತಾತ್ಕಾಲಿಕ ಕಡತ ಈಗ ಮೆಮೊರಿಯಲ್ಲೇ ಇರಬಹುದು."

ಅವನು ಹೇಳಿದ್ದು ಸರಿಯಿತ್ತು. ಐದಕ್ಕೆ ಒಪ್ಪಿದರು.

ಹೊಸ ಯಂತ್ರ ಈಗ ಆರು ತಿಂಗಳಿಂದ ಓಡುತ್ತಿದೆ. ಜೋಡಿಸುವ ಒಂದೊಂದು ಖಾಲಿ ಡೈರೆಕ್ಟರಿಗೂ ಬೀಗವಿದೆ, ಒಳಗೆ 'ಇಲ್ಲಿ ಏನೂ ಇಡಬೇಡಿ' ಎಂಬ ಹೆಸರಿನ ಕಡತವಿದೆ. ಪೆನಿಯಾಮಿನಾ ತನ್ನ ಮಾತನ್ನು ರೇಡಿಯೊದಲ್ಲಿ ಕೇಳಿ, ಕೆಮ್ಮನ್ನಾದರೂ ತೆಗೆಯಬಾರದಿತ್ತೇ ಎಂದು ಹೇಳಿಕಳಿಸಿದ್ದಾರೆ. ಬೆಳಗಿನ ಸಾಲು ಬರೆಯಲು ಈಗ ವಾರಕ್ಕೆ ಎರಡು ದಿನ ಇಯೋಸೆಫೊ ಬರುತ್ತಾನೆ. ಅಂಥ ಒಂದು ದಿನ ಮೊತ್ತ ಕೂಡಿಸಿ ನೋಡಿದವನಿಗೆ, ಡಿಸ್ಕಿನಲ್ಲಿ ಇನ್ನೂರು ಜಿಬಿ ಯಾವ ಹೋಳಿಗೂ ಸೇರದೆ ಸುಮ್ಮನೆ ಬಿದ್ದಿರುವುದು ಕಂಡಿತು. ಮರೆತಿರಾ ಎಂದು ಕೇಳಿದ.

ಮೊಯೆಲಾಂಗಿ ಕೋಕೋದ ಲೋಟ ಕೆಳಗಿಟ್ಟರು. "ಬೇಕಂತಲೇ ಬಿಟ್ಟಿದ್ದು. ನನ್ನ ನಂತರ ಬರೋರಿಗೆ ಏನು ಬೇಕಾಗುತ್ತೋ ನಂಗೇನು ಗೊತ್ತು? ಅವರ ಪಾಲನ್ನ ಅವರೇ ಕತ್ತರಿಸ್ಕೊಳ್ಳಲಿ."