ಕೌದಿಯ ನೆಪದಲ್ಲಿ ನೋಡಿದ ಎರಡು ಊರು

ನನಗೆ ಯಾರ ಮೇಲೂ ಬೇಗ ನಂಬಿಕೆ ಬರುವುದಿಲ್ಲ. ಬಸ್ಸಿನಲ್ಲಿ ಯಾರಾದರೂ ತಾವಾಗಿಯೇ ಎದ್ದು ಜಾಗ ಕೊಟ್ಟರೆ, ಸೀಟು ಒದ್ದೆಯಾಗಿದೆಯೇನೋ ಎಂದು ಮುಟ್ಟಿ ನೋಡಿ ಕೂರುವವಳು ನಾನು. ನಮ್ಮ ರೋಣಕ್ಕೆ ಮೊಬೈಲುಗಳು ಆಗಷ್ಟೇ ಬರತೊಡಗಿದ್ದ ಕಾಲ. ಆ ಬೇಸಿಗೆಯಲ್ಲಿ ಮಗಳಿಗೆ ಎರಡು ಕಡೆಯಿಂದ ಸಂಬಂಧ ಕೇಳಿ ಬಂದವು. ಒಂದು ನರಗುಂದದ್ದು, ಇನ್ನೊಂದು ಗಜೇಂದ್ರಗಡದ್ದು. ಮಧ್ಯಸ್ಥಿಕೆ ವಹಿಸಿದ್ದ ಹಿರಿಯರು ಇಬ್ಬರು ಹುಡುಗರನ್ನೂ ಒಂದೇ ಉಸಿರಿನಲ್ಲಿ ಹೊಗಳಿದರು. ಅಲ್ಲಿಂದಲೇ ನನಗೆ ಅನುಮಾನ ಶುರುವಾಯಿತು.

ನಾವು ಅರಳೆ ಹಿಂಜುವ ಪಿಂಜಾರರು. ಯಜಮಾನರು ಗಾದಿ ಹಾಕುತ್ತಿದ್ದರು, ನಾನು ಕೌದಿ ಹೊಲಿಯುತ್ತಿದ್ದೆ. ಹಳೆಯ ಸೀರೆ, ಧೋತರ, ಅಂಗಿಗಳನ್ನು ಪದರ ಪದರವಾಗಿ ಹಾಸಿ ಕೈಯಲ್ಲೇ ಹೊಲಿಯುವ ಹೊದಿಕೆ ಅದು. ಮಳೆ ಹಿಡಿಯುವ ಮೊದಲು ಮನೆಮನೆಯಲ್ಲೂ ಹೊಲಿಸುತ್ತಾರೆ. ಕೌದಿಗೆ ಬಟ್ಟೆ ಆರಿಸಲು ಕೂತವಳ ಮುಂದೆ ಮನೆಯ ಗುಟ್ಟು ಉಳಿಯುವುದು ಕಷ್ಟ. ಅಂಗಿಯಲ್ಲಿ ಕಿಡಿ ಬಿದ್ದ ತೂತುಗಳಿದ್ದರೆ ಬೀಡಿ ಸೇದುವವನಿದ್ದಾನೆ. ಸೊಸೆಯ ಸೀರೆ ಸವೆದು ಜಾಳಾಗಿ ಅತ್ತೆಯದು ಗಟ್ಟಿಯಾಗಿದ್ದರೆ ಹೆಚ್ಚೇನೂ ಕೇಳಬೇಕಿಲ್ಲ.

ಹಾಗಾಗಿ ಕೌದಿ ಹೊಲಿಯುವವಳಾಗಿಯೇ ಎರಡೂ ಊರಿಗೆ ಹೋಗುವುದೆಂದು ಗಟ್ಟಿ ಮಾಡಿದೆ. ಹುಡುಗನ ಮನೆಗಲ್ಲ, ಅದರ ನೆರೆಮನೆಗೆ. ಹುಡುಗಿ ನೋಡಲು ಎರಡೂ ಕಡೆಯಿಂದ ಗಂಡಸರಷ್ಟೇ ಬಂದಿದ್ದರು. ನಾನು ಒಳಗೇ ಇದ್ದೆನಾದ್ದರಿಂದ ನನ್ನ ಮುಖ ಅವರಿಗೆ ಗೊತ್ತಿರಲಿಲ್ಲ. ಗಜೇಂದ್ರಗಡದ ಹುಡುಗನ ತಾಯಿ ಆರಾಮಿಲ್ಲವೆಂದು ಬಂದಿರಲಿಲ್ಲವಂತೆ. ಅದೆಂಥ ಕಾಯಿಲೆಯೋ ನೋಡಬೇಕು ಅಂದುಕೊಂಡೆ.

ಮೊದಲು ನರಗುಂದ. ರೊಟ್ಟಿ, ಶೇಂಗಾ ಚಟ್ನಿ, ಒಂದು ಬಾಟಲಿ ನೀರು ಕಟ್ಟಿಕೊಂಡು ಬೆಳಗಿನ ಕೆಂಪು ಬಸ್ಸು ಹತ್ತಿದೆ. ಹೋಟೆಲಿನ ಚಹಾಕ್ಕೂ ಕೈ ಬಿಚ್ಚಬಾರದೆಂಬುದು ನನ್ನ ನೇಮ. ಗುಡ್ಡ ಊರಿನ ತಲೆಯ ಮೇಲೇ ನಿಂತಿತ್ತು. ಹೆದ್ದಾರಿಯ ಊರು, ಲಾರಿಗಳ ಧೂಳು, ಬಿಸಿಲು. ಜನ ಮಾತ್ರ ಕೇಳುವ ಮೊದಲೇ ಹೇಳುವವರು. "ಬರ್ರಿ ಅಕ್ಕಾರ, ನೆಳ್ಳಾಗ ಕುಂದರ್ರಿ" ಎಂದು ಗಿರಣಿಯವನು ಕರೆದ. ಹುಡುಗನ ವಿಷಯ ತೆಗೆದರೆ, "ಕಣ್ಣು ಮುಚ್ಚಿ ಹೆಣ್ಣು ಕೊಡಬಹುದ್ರಿ" ಅಂದ. ಬಳೆ ಅಂಗಡಿಯವಳೂ ಅದನ್ನೇ ಅಂದಳು. ನೆರೆಮನೆಯ ಅಜ್ಜಿಯೂ "ಕಣ್ಣು ಮುಚ್ಚಿ ಕೊಡವ್ವಾ" ಅಂದಳು. ಮೂರು ಬಾಯಿಗೂ ಯಾರೋ ಒಂದೇ ಪಾಠ ಹೇಳಿಕೊಟ್ಟಂತಿತ್ತು. ಕಣ್ಣು ಮುಚ್ಚು ಎಂದು ಯಾರಾದರೂ ಹೇಳಿದರೆ ನಾನು ಎರಡನ್ನೂ ಅಗಲಿಸಿ ನೋಡುವವಳು. ನರಗುಂದವನ್ನು ಅಲ್ಲಿಗೇ ಕೈಬಿಟ್ಟೆ.

ನಾಲ್ಕು ದಿನ ಬಿಟ್ಟು ಗಜೇಂದ್ರಗಡಕ್ಕೆ ಹೋದೆ. ಅಲ್ಲೂ ಗುಡ್ಡ, ಅಲ್ಲೂ ಕೋಟೆ. ಆದರೆ ಓಣಿಗಳು ಸಣ್ಣವು, ನೆರಳು ಹೆಚ್ಚು, ಒಳಗೆಲ್ಲೋ ಮಗ್ಗದ ಸದ್ದು. ಒಂದು ವಿಳಾಸ ಕೇಳಿದರೆ ಮೂರು ಪ್ರಶ್ನೆ ಹಾಕಿ ಆಮೇಲೆ ಉತ್ತರ ಕೊಡುವ ಜನ. "ಯಾವೂರು? ಯಾರ ಕಡಿಯವರು? ಯಾಕ ಬೇಕಾಗಿತ್ತು?" ನನ್ನಂಥವರೇ ತುಂಬಿದ ಊರು. ನನಗೆ ಬಂದ ಗಳಿಗೆಯಲ್ಲೇ ಸೇರಿತು.

ಹುಡುಗನ ಮನೆ ಬೇವಿನ ಮರದ ಎಡಕ್ಕೆ ಎಂದು ಹಿರಿಯರು ಹೇಳಿದ್ದರು. ಹಾಗಾಗಿ ನಾನು ಬಲಗಡೆಯ ಮನೆಯ ಬಾಗಿಲಲ್ಲಿ ನಿಂತು, "ಕೌದಿ ಹೊಲಸೂದು ಐತೇನ್ರಿ?" ಎಂದು ಕೂಗಿದೆ. ನನ್ನ ವಾರಿಗೆಯ ಹೆಂಗಸು ಹೊರಗೆ ಬಂದು ಪಡಸಾಲೆಯಲ್ಲಿ ಕೂರಿಸಿದಳು. ಒಂದು ಗಂಟು ಹಳೆ ಬಟ್ಟೆ ತಂದು ಸುರಿದಳು. ಅದರಲ್ಲಿ ಇಸ್ತ್ರಿಯ ಗೆರೆಯೂ ಅಳಿಯದ ಎರಡು ಅಂಗಿಗಳಿದ್ದವು.

"ಇವು ಹೊಸಾವು ಅದಾವಲ್ರಿ?"

"ಮಗ ಹಾಕ್ಕೊಳ್ಳಂಗಿಲ್ಲ. ಅವರಪ್ಪ ತಂದಾವು" ಅಂದಳು.

ಬಟ್ಟೆ ಆರಿಸುತ್ತಾ ಮೆಲ್ಲಗೆ ಕೇಳಿದೆ. "ಬಾಜೂ ಮನಿ ಹುಡುಗ ಹ್ಯಾಂಗ್ರಿ? ಮೊಬೈಲ್ ರಿಪೇರಿ ಅಂಗಡಿ ಐತಂತಲ್ಲ. ರೋಣದಾಗ ನಮ್ಮ ಪೈಕಿಯವರ ಹುಡುಗಿಗೆ ಕೇಳ್ಯಾರ."

ಅವಳು ನನ್ನ ಮುಖವನ್ನೇ ನೋಡಿದಳು. ಒಳಬಾಗಿಲ ಕಡೆ ಒಮ್ಮೆ ತಿರುಗಿ, ದನಿ ಇಳಿಸಿದಳು.

"ಹುಡುಗ ಚಲೋ ಅದಾನ. ಚಟ ಇಲ್ಲ. ಆದರ ಹೆಣ್ಣು ಕೊಡಬ್ಯಾಡ್ರಿ. ಅವನ ಮನಸ್ಸು ಬ್ಯಾರೆ ಕಡಿ ಐತಿ. ಅಪ್ಪನ ಅಂಜಿಕಿಗೆ ಹೂಂ ಅಂದಾನ. ಬಂದ ಹುಡುಗಿ ಸುಖಾ ಪಡಂಗಿಲ್ಲ."

ಒಳಗೆ ಮದುವೆ ವಯಸ್ಸಿನ ಹುಡುಗಿಯೊಬ್ಬಳು ಜೋಳ ಹಸನು ಮಾಡುತ್ತಿದ್ದಳು. ನನಗೆ ತಟ್ಟನೆ ಎಲ್ಲಾ ತಿಳಿದುಹೋಯಿತು, ಅಥವಾ ತಿಳಿಯಿತೆಂದುಕೊಂಡೆ. ತನ್ನ ಮಗಳಿಗೆ ಆ ಹುಡುಗನ ಮೇಲೆ ಕಣ್ಣಿಟ್ಟು ಬಂದ ಸಂಬಂಧ ಮುರಿಯುತ್ತಿದ್ದಾಳೆ. ನೆರೆಯವಳಿಗೇ ಬೇಕಾಗಿದ್ದಾನೆಂದರೆ ಹುಡುಗ ಬಂಗಾರದಂಥವನೇ ಇರಬೇಕು. ಎರಡು ದಿನ ಬಿಟ್ಟು ಬರುತ್ತೇನೆಂದು ಸುಳ್ಳು ಹೇಳಿ ಎದ್ದೆ. ಊರು ಮುಟ್ಟಿದವಳೇ ಯಜಮಾನರಿಗೆ ಗಜೇಂದ್ರಗಡವೇ ಇರಲಿ ಅಂದೆ. ನನ್ನ ಜಾಣತನಕ್ಕೆ ನಾನೇ ಬೀಗಿದ್ದೆ.

ಮುಂದಿನ ವಾರ ಮನೆ ನೋಡುವ ಶಾಸ್ತ್ರಕ್ಕೆಂದು ಯಜಮಾನರು, ಹಿರಿಯರು, ನಾನು ಹೋದೆವು. ಹಿರಿಯರು ನನ್ನ ಹಾಗೆ ಬಸ್ ನಿಲ್ದಾಣದ ಕಡೆಯಿಂದ ಬರಲಿಲ್ಲ. ಮಸೀದಿಯ ಕಡೆಯಿಂದ ಓಣಿ ಹೊಕ್ಕರು. ಅಲ್ಲಿಂದ ಬಂದರೆ ಎಡಗಡೆಗೆ ಸಿಗುವುದು ನಾನು ಬಟ್ಟೆ ಆರಿಸಿದ್ದ ಮನೆಯೇ. ಅದೇ ಪಡಸಾಲೆಗೆ ಕಾಲಿಟ್ಟೆವು. ನೀರಿನ ತಂಬಿಗೆ ಹಿಡಿದು ಬಂದ ಹುಡುಗನ ತಾಯಿ ಅವಳೇ. ಅವತ್ತು ನೆರೆಯವಳಂತೆ ಹೇಳಿದ್ದು ತನ್ನ ಮಗನ ವಿಷಯವನ್ನೇ. ನನ್ನನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟಳು. ಪೈಕಿಯವರ ಹುಡುಗಿ ಎಂದರೆ ನನ್ನ ಮಗಳೇ ಎಂದು ಅವಳಿಗೂ ಗೊತ್ತಾಯಿತು. ಗುರುತು ಇದ್ದಂತೆ ಇಬ್ಬರೂ ತೋರಿಸಿಕೊಳ್ಳಲಿಲ್ಲ.

ಹುಡುಗ ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದ. ಗಂಡಸರ ಮಾತು ಬೇಗ ಮುಗಿಯಿತು. "ಸಕ್ಕರಿ ತಾ" ಎಂದ ಹುಡುಗನ ತಂದೆ. ಸಕ್ಕರೆ ಬಾಯಿಗೆ ಬಿದ್ದರೆ ಮಾತು ಗಟ್ಟಿಯಾದಂತೆ. ಆಮೇಲೆ ಹಿಂದೆ ಸರಿದರೆ ಕೆಡುವುದು ಹುಡುಗಿಯ ಹೆಸರು. ಅವಳು ತಟ್ಟೆ ತಂದು ಮೊದಲು ನನ್ನ ಮುಂದೆ ಹಿಡಿದಳು. ನಾನು ಕೈ ಚಾಚಲಿಲ್ಲ.

"ಈ ಸಂಬಂಧ ನಮಗ ಬ್ಯಾಡ್ರಿ" ಅಂದೆ.

ಯಜಮಾನರು ನನ್ನನ್ನು ಬೇರೆ ಯಾರನ್ನೋ ನೋಡುವಂತೆ ನೋಡಿದರು. "ಯಾಕ್ರಿ? ಹುಡುಗನ ಮ್ಯಾಲೆ ಏನರ ಕೇಳೀರೇನು?" ಎಂದ ಹುಡುಗನ ತಂದೆ. ಮೂಲೆಯಲ್ಲಿದ್ದ ಹುಡುಗ ತಲೆ ಎತ್ತಿದ.

"ಹುಡುಗನ ಬಗ್ಗೆ ಏನೂ ಇಲ್ರಿ. ನಿಮ್ಮೂರು ನನಗ ಸೇರಲಿಲ್ಲ. ಓಣಿ ಸಣ್ಣವು, ನೀರಿನ ತ್ರಾಸು. ನರಗುಂದನ ಚಲೋ ಕಾಣಸ್ತೈತಿ."

ಆ ತಂದೆ ಕೆಂಡವಾದ. ಊರಿಗೆ ಹೆಸರಿಡುವವರು ಬಾಗಿಲಿಗೆ ಯಾಕೆ ಬಂದಿರಿ ಎಂದು ಕೂಗಾಡಿದ. ಅವನಿಗಿಂತ ಜೋರಾಗಿ ಬೈದವಳು ಅವನ ಹೆಂಡತಿ. ಸೊಕ್ಕಿನವಳು ಎಂದಳು, ಇನ್ನೊಮ್ಮೆ ಈ ಓಣಿಯಲ್ಲಿ ಕಾಲಿಡಬೇಡ ಎಂದಳು. ಬೈಯುತ್ತಲೇ ನಮ್ಮನ್ನು ಹೊರಗೆ ಕಳಿಸಲು ಬಂದಳು. ಗಂಡಸರು ಅಂಗಳ ದಾಟಿ ಮುಂದೆ ಹೋದರು. ಬಾಗಿಲ ಮರೆಯಲ್ಲಿ ಅವಳು ನನ್ನ ಮುಂಗೈ ಹಿಡಿದುಕೊಂಡಳು. ಬಳೆಗಳು ಮಾಂಸಕ್ಕೆ ಒತ್ತಿ ನೋವಾಗುವಷ್ಟು ಬಿಗಿ.

"ಅವತ್ತ ನೀವು ನನ್ನ ಮಾತು ನಂಬಿದ್ರಿ, ಅಷ್ಟ ಸಾಕು" ಎಂದಳು. ಕಣ್ಣುಗಳು ತುಂಬಿದ್ದವು.

ಹೂಂ ಅಂದುಬಿಟ್ಟಿದ್ದರೆ ಆಗುತ್ತಿತ್ತು. ಹೆತ್ತ ಮಗನ ವಿಷಯ ಬಾಯಿ ಬಿಟ್ಟು ನನ್ನ ಮಗಳನ್ನು ಉಳಿಸಿದವಳ ಮುಂದೆ ನನಗೆ ಇನ್ನೊಂದು ಸುಳ್ಳು ಹೇಳಲು ನಾಚಿಕೆಯಾಯಿತು.

"ನಂಬಿರಲಿಲ್ರಿ" ಅಂದೆ.

ಅವಳು ಕೈ ಬಿಟ್ಟಳು.