ಎಲುಬು ಕೂಡುವವರೆಗೆ

"ಮೂಳೆ ಕೂಡಿಲ್ಲಮ್ಮ," ಎಂದರು ಡಾಕ್ಟರು.

ನಮ್ಮವರು ಹಗರಿಬೊಮ್ಮನಹಳ್ಳಿಯಲ್ಲಿ ಲೈನ್‌ಮನ್. ಕರೆಂಟ್ ಕಂಬದಿಂದ ಬಿದ್ದು ಮೊಣಕಾಲ ಕೆಳಗಿನ ಎಲುಬು ಮುರಿದುಕೊಂಡಿದ್ದರು. ಒಳಗೆ ರಾಡ್ ಹಾಕಿ ಅರ್ಧ ವರ್ಷ ದಾಟಿತ್ತು. ಮೇಲಿನ ಗಾಯ ಮಾಗಿತ್ತು. ಕಾಲೂರಿದರೆ ಮಾತ್ರ ನೋವು. ದಾವಣಗೆರೆಯ ಆಸ್ಪತ್ರೆಯಲ್ಲಿ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದಾಗ ನನಗೂ ಕಂಡಿತು. ಎರಡು ತುಂಡುಗಳ ನಡುವೆ ಒಂದು ಕಪ್ಪು ಗೆರೆ.

"ಸೊಂಟದ ಮೂಳೆಯೊಳಗಿನ ಮಜ್ಜೆ, ಅಂದ್ರೆ ಬೋನ್ ಮ್ಯಾರೋ, ತೆಗೆದು ಮುರಿದಲ್ಲಿಗೆ ಇಂಜೆಕ್ಷನ್ ಕೊಟ್ಟು ನೋಡೋಣ," ಎಂದರು ಡಾಕ್ಟರು. "ಅದರಲ್ಲಿರೋ ಸ್ಟೆಮ್ ಸೆಲ್‌ಗಳು ಮೂಳೆಯಾಗಿ ಬೆಳೀಬಲ್ಲವು. ಆದ್ರೆ ಅವು ಬದುಕಿ ಬೆಳೆಯೋಕೆ ಗ್ರೋತ್ ಫ್ಯಾಕ್ಟರ್ ಅನ್ನೋ ಪ್ರೋಟೀನ್‌ಗಳು ಬೇಕು. ಅವೂ ನಮ್ಮ ಮೈಯಲ್ಲೇ ಇರ್ತಾವೆ, ರಕ್ತದ ಜೊತೆ ಅಲ್ಲಿಗೆ ಬರ್ತಾವೆ."

"ಹಾಲಿಗೆ ಹೆಪ್ಪು ಹಾಕಿದಂಗೇನ್ರಿ?" ಎಂದೆ.

ಡಾಕ್ಟರು ನಕ್ಕರು. "ಹೆಪ್ಪೊಂದೇ ಸಾಲದು, ಹಾಲು ಬೆಚ್ಚಗಿರಬೇಕಲ್ಲ? ಬೀಡಿ ಸೇದಿದ್ರೆ ಅಲ್ಲಿಗೆ ರಕ್ತ ಸರಿಯಾಗಿ ಹೋಗಲ್ಲ. ಬಿಡ್ತಾರಾ?"

ನಮ್ಮವರು ಕಿಟಕಿಯ ಕಡೆ ಮುಖ ತಿರುಗಿಸಿದರು.

"ಬಿಡ್ತಾರ್ರಿ," ಎಂದೆ ನಾನು.

ಹೊರಗೆ ಬಂದ ಮೇಲೆ ಸಿಟ್ಟಾದರು. "ನನ್ನ ಕೇಳದೇ ಮಾತು ಕೊಟ್ಟೆಲ್ಲ?"

"ಕೊಟ್ಟೀನ್ರಿ. ಉಳಿಸೋದು ನಿಮ್ಮ ಕೈಯಾಗ ಐತಿ."

ಮ್ಯಾರೋ ತೆಗೆದ ದಿನ ಆ ಜಾಗ ಮರಗಟ್ಟಿಸುವ ಲೋಕಲ್ ಅನಸ್ತೇಶಿಯಾ ಕೊಟ್ಟಿದ್ದರೂ ಅವರ ಕೂಗು ಬಾಗಿಲಾಚೆ ಕೇಳಿಸಿತು. "ಒಳಗಿಂದ ಯಾರೋ ಜಗ್ಗಿದಂಗಾತು," ಎಂದರು ಆಮೇಲೆ. ನಾನು ಅವರ ಹಣೆಯ ಬೆವರು ಒರೆಸಿದೆ.

ಮನೆಯಲ್ಲಿ ನಿಜವಾದ ಜಗಳ ಬೀಡಿಯದು. ಚಟ ಎದ್ದಾಗಲೆಲ್ಲ ಹುರಿದ ಶೇಂಗಾ ಮುಂದಿಡುತ್ತಿದ್ದೆ. ಒಂದು ಮಧ್ಯಾಹ್ನ ತಟ್ಟೆಯನ್ನೇ ಬೀಸಿ ಒಗೆದರು. ನಾನು ಚೆಲ್ಲಿದ ಶೇಂಗಾ ಆರಿಸತೊಡಗಿದೆ. ಸ್ವಲ್ಪ ಹೊತ್ತಿಗೆ ಅವರೂ ಊರುಗೋಲು ಪಕ್ಕಕ್ಕಿಟ್ಟು, ಕಾಲು ಚಾಚಿ ನೆಲದ ಮೇಲೆ ಕೂತು, ಒಂದೊಂದೇ ಕಾಳು ಆರಿಸಿದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅವತ್ತಿನಿಂದ ಬೀಡಿ ಕೇಳಲಿಲ್ಲ.

ಮುಂದಿನ ಎಕ್ಸ್‌ರೇಯಲ್ಲಿ ಏನೂ ಬದಲಾಗಿರಲಿಲ್ಲ.

"ಇನ್ನ ಸಾಕು ಬಿಡು. ಕುಂಟನಾಗೇ ಇರ್ತೀನಿ," ಎಂದರು.

"ನೀವು ಸಾಕಂದ್ರೂ ನಾ ಸಾಕನ್ನಂಗಿಲ್ರಿ. ಇನ್ನೊಮ್ಮಿ ಹೋಗೂಣು."

ಇನ್ನೊಮ್ಮೆ ಹೋದೆವು. ಮತ್ತದೇ ಸೂಜಿ, ಅದೇ ಬಾಗಿಲು. ಈ ಸಲ ಕೂಗು ಕೇಳಿಸಲಿಲ್ಲ. ಹಲ್ಲು ಕಚ್ಚಿ ಮಲಗಿದ್ದರಂತೆ.

ಬೇಸಿಗೆ ಮುಗಿಯುವ ಹೊತ್ತಿಗೆ ತೆಗೆಸಿದ ಎಕ್ಸ್‌ರೇಯಲ್ಲಿ ಕಪ್ಪು ಗೆರೆಯ ಮೇಲೆ ಮಂಜಿನಂಥ ಬಿಳುಪು ಕಂಡಿತು. "ಇದು ಕ್ಯಾಲಸ್, ಹೊಸ ಮೂಳೆ," ಎಂದರು ಡಾಕ್ಟರು. "ಇನ್ನೂ ಎಳೇದು. ಕಂಬ ಹತ್ತೋ ಮಾತು ಈಗ ಬೇಡ." ಮ್ಯಾರೋದಿಂದ ಆಯಿತೋ, ಬೀಡಿ ಬಿಟ್ಟದ್ದರಿಂದಲೋ ಎಂದು ಕೇಳಿದೆ. ಬೇರೆ ಬೇರೆ ಮಾಡಿ ಹೇಳಲು ಬರುವುದಿಲ್ಲ ಎಂದರು. ಆ ಪ್ರಾಮಾಣಿಕ ಮಾತಿಗೇ ನಾನು ಮನಸ್ಸಿನಲ್ಲಿ ಕೈಮುಗಿದೆ.

ಕಂಬ ಹತ್ತುವುದು ಇನ್ನು ಆದೀತೋ ಇಲ್ಲವೋ, ಈಗಲೂ ಗೊತ್ತಿಲ್ಲ. ಆದರೆ ಅವತ್ತು ಊರಿಗೆ ಮರಳುವಾಗ ಹರಪನಹಳ್ಳಿಯಲ್ಲಿ ಬಸ್ಸು ತುಂಬಿತು. ಕೂಸನ್ನೆತ್ತಿಕೊಂಡ ಹೆಣ್ಣುಮಗಳೊಬ್ಬಳು ನಮ್ಮ ಪಕ್ಕ ನಿಂತಳು. ನಾನು ಏಳುವುದರೊಳಗೆ ನಮ್ಮವರು ಎದ್ದರು.

"ಕುಂದ್ರವ್ವ," ಎಂದರು.

ಬಸ್ಸು ಹೊರಟಿತು. ಮೇಲಿನ ಕಂಬಿ ಹಿಡಿದು ಎರಡೂ ಕಾಲಿನ ಮೇಲೆ ಭಾರ ಬಿಟ್ಟು ನಿಂತಿದ್ದರು.

"ನೋವೈತೇನ್ರಿ?" ಎಂದೆ.

"ಐತಿ," ಎಂದರು. "ಆದ್ರೂ ನಿಂತೀನಿ ನೋಡು."